ಹೆಳವ ಕರೆದ ಹೆಸರು

ನಮ್ಮ ಮುತ್ತಜ್ಜ ಸೊಲ್ಲಾಪುರದ ಕಡೆಯಿಂದ ಗಡಿ ದಾಟಿ ನಿಜಾಮರ ಸೀಮೆಯ ಕಮಲಾಪುರಕ್ಕೆ ಬಂದವನು. ಅಷ್ಟಕ್ಕೇ ಊರವರು ನಮ್ಮನ್ನು ಬುಡ ಗೊತ್ತಿಲ್ಲದ ಮಂದಿ ಅನ್ನುತ್ತಿದ್ದರು. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಕಲಬುರ್ಗಿಯ ಬ್ರಹ್ಮಪುರದ ಚಂದ್ರಶಾ ಅವರು ನನಗೆ ಮಗಳನ್ನು ಕೊಡುವ ಮೊದಲು ನಮ್ಮ ವಂಶ ಕೇಳಬೇಕೆಂದರು. ಅದಕ್ಕೇ, ಮನೆತನಗಳ ವಂಶಾವಳಿಯನ್ನು ಬಾಯಲ್ಲೇ ಹೇಳುವ ಹೆಳವನನ್ನು ಸೊಲ್ಲಾಪುರದಿಂದ ಕರೆಸಿದೆ.

ಮಟಮಟ ಮಧ್ಯಾಹ್ನ ನಮ್ಮ ಅಂಗಳದಲ್ಲಿ, ಚಂದ್ರಶಾ ಅವರ ಎದುರಿಗೆ, ಹೆಳವ ಎತ್ತಿನ ಮೇಲೆ ಕುಳಿತೇ ಹಾಡತೊಡಗಿದ. ಸತ್ತವರ ಹೆಸರಿಗೆ ಅವ್ವ ಒಂದು ಹಿಡಿ ಜೋಳ ಹಾಕಬೇಕು, ಬದುಕಿದವರ ಹೆಸರಿಗೆ ಅವರೇ ಹೂಂ ಅನ್ನಬೇಕು. ಮುತ್ತಜ್ಜ, ಅಜ್ಜ, ಅಪ್ಪ ಚಂದ್ರಾಮಪ್ಪ, ಎಲ್ಲರಿಗೂ ಜೋಳ ಬಿತ್ತು.

"ಚಂದ್ರಾಮಪ್ಪನ ಹಿರಿಮಗ ನಿಂಗಣ್ಣ," ಎಂದ ಹೆಳವ.

ನಾನು ಒಬ್ಬನೇ ಮಗ; ನನಗೊಬ್ಬ ಅಣ್ಣ ಹುಟ್ಟಿದ್ದರೂ ಅವನು ಸತ್ತಿರಲೇಬೇಕು. ಆದರೂ ಅವ್ವ ಜೋಳಕ್ಕೆ ಕೈ ಹಾಕಲಿಲ್ಲ. ನನ್ನ ಬೆನ್ನ ಹಿಂದೆ, ಹೊರಗಿನಿಂದ ಚಿಲಕ ಹಾಕಿದ ಕೋಣೆಯೊಳಗೆ ಯಾರೋ "ಹೂಂ" ಅಂದರು. ದನಿ ಥೇಟ್ ನನ್ನದೇ. ಎತ್ತು ಹಿಂದಕ್ಕೆ ಸರಿಯಿತು. ಅಂಥ ಬಿಸಿಲಲ್ಲೂ ಬಾಗಿಲ ಸಂದಿಯಿಂದ ಬಂದ ಗಾಳಿ ತಣ್ಣಗೆ ಕೊರೆಯುತ್ತಿತ್ತು.

"ಕಿರಿಮಗ ಭೀಮಶಾ," ಎಂದು ಹೆಳವ ನನ್ನ ಹೆಸರು ಹೇಳಿದ.

ಚಂದ್ರಶಾ ಅವರು ಎದ್ದರು. "ಮನೆತನ ಛಲೋ ಅದ. ಆದ್ರ ಹಿರ್ಯಾಂವ ಕುಂತಾಗ ಸಣ್ಣಾಂವಗ ಹ್ಯಾಂಗ ಹೆಣ್ಣು ಕೊಡ್ಲಿ? ಮೊದಲ ಅವನ ಲಗ್ನ ಆಗ್ಲಿ."

"ನನಗ ಅಣ್ಣನೇ ಇಲ್ರೀ!" ಎಂದು ಚೀರಿದೆ.

"ಹಂಗಾರ ಹೂಂ ಅಂದಾಂವ ಯಾರು, ನಿಮ್ಮಪ್ಪೇನು?" ಎಂದು ಹೊರಟೇಹೋದರು.

ಚಿಲಕ ತೆಗೆದು ನೋಡಿದೆ. ಜೋಳದ ಚೀಲಗಳಷ್ಟೇ ಇದ್ದವು. "ಸುಮ್ಮ ಯಾಕ ನಿಂತಿದ್ದಿ ಯವ್ವಾ?" ಎಂದು ಅವ್ವನ ಮೇಲೆ ಹರಿಹಾಯ್ದೆ.

ಅವ್ವ ಬಾಗಿಲು ಮುಚ್ಚಿ ಮತ್ತೆ ಚಿಲಕ ಹಾಕಿದಳು. "ಮೆಲ್ಲಕ ಮಾತಾಡೋ. ಈಗರೆ ಮಲ್ಕೊಂಡಾನ."

ಆ ಹುಡುಗಿಯನ್ನು ಮಹಾಗಾಂವಕ್ಕೆ ಕೊಟ್ಟರು. ನಾನು ಹೆಣ್ಣು ಕೇಳಲು ಹೋದ ಕಡೆಯೆಲ್ಲ ಇವತ್ತಿಗೂ ಮೊದಲು ಅಣ್ಣನದಾಗಲಿ ಅನ್ನುತ್ತಾರೆ.