ಹೌಸ್‌ಫುಲ್ ಬೋರ್ಡಿನ ಬೆನ್ನು

"ಅದನ್ನ ಮುಟ್ಟಬ್ಯಾಡ್ರಿ ಸರ. ಇನ್ನ ಎರಡ ದಿನ. ಸೋಮವಾರ ಕಟ್ಟಡದ ಜೋಡಿ ಅದೂ ಮಣ್ಣಾಗಿ ಹೋಗಲಿ."

ಹೀಗೆಂದವನು ಚನ್ನಯ್ಯ, ಹುಬ್ಬಳ್ಳಿಯ ಚಂದ್ರಮೌಳಿ ಟಾಕೀಸಿನ ಹಳೆಯ ಆಪರೇಟರ್. ನಲವತ್ತೊಂದು ವರ್ಷ ಪ್ರೊಜೆಕ್ಟರಿನ ಬೆಳಕು ನೋಡಿ ನೋಡಿ ಅವನ ಕಣ್ಣಂಚು ಸದಾ ಕೆಂಪು. ಅವನು ತೋರಿಸಿದ್ದು ಟಿಕೀಟು ಕೊಡುವ ಕೋಣೆಯ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ಒಂದು ಹಲಗೆಯನ್ನು. ಅದಕ್ಕೆ ಕರಿ ಬಟ್ಟೆ ಸುತ್ತಿತ್ತು. ಬಟ್ಟೆಯ ಮೇಲೆ ಕರಿದಾರ, ದಾರದಲ್ಲಿ ಒಣಗಿ ಕಲ್ಲಾದ ನಿಂಬೆಹಣ್ಣು, ಬಣ್ಣಗೆಟ್ಟ ಮೆಣಸಿನಕಾಯಿ. ಕೋಣೆಯ ತುಂಬ ಬಾವಲಿ ಹಿಕ್ಕೆಯ ನಾತ. ಹಲಗೆಯ ಹತ್ತಿರ ಹೋದರೆ ಮಾತ್ರ ಬೇರೆಯೇ ವಾಸನೆ, ಕೂದಲು ಸುಟ್ಟಂಥದ್ದು.

ಅಮರೇಶ ನಕ್ಕ. ಮನಸಿಲ್ಲದ ನಗೆ, ದಣಿದವರ ನಗೆ. ರಾಯಾಪುರದಲ್ಲಿ ತೆರೆಯಲಿರುವ ಒಂದು ಸಂಗ್ರಹಾಲಯಕ್ಕಾಗಿ ಅವಳಿ ನಗರದ ಹಳೆಯ ಟಾಕೀಸುಗಳ ಫೋಟೋ, ಟಿಕೀಟು, ಬೋರ್ಡು ಕೂಡಿಹಾಕುವುದು ಅವನ ಕೆಲಸ. ಇದು ಒಂಬತ್ತನೆಯದು. ಮೊದಲಿನ ಎಂಟರಲ್ಲಿ ಆರು ಈಗಾಗಲೇ ನೆಲಸಮ. ಉಳಿಸುವವನು ಎಂದು ಹೆಸರು, ಮಾಡುತ್ತಿದ್ದದ್ದು ಹೆಣದ ಫೋಟೋ ತೆಗೆಯುವ ಕೆಲಸ. ಮತ್ತು ಹೋದಲ್ಲೆಲ್ಲ ಒಂದೊಂದು ದೆವ್ವದ ಕತೆ! ಒಂದು ಕಡೆ ಪರದೆಯ ಹಿಂದೆ ಬಾಣಂತಿ, ಇನ್ನೊಂದು ಕಡೆ ಬಾಲ್ಕನಿಯಲ್ಲಿ ಸಿಪಾಯಿ. ಜೆಸಿಬಿ ಬಂದ ದಿನ ಆ ದೆವ್ವಗಳೆಲ್ಲ ಎಲ್ಲಿ ಅಡಗಿದ್ದವೋ. ಒಂದಾದರೂ ಡ್ರೈವರನ ಕಾಲು ಹಿಡಿದು ಎಳೆಯಬಾರದಿತ್ತೇ?

"ಏನೈತಿ ಕಾಕಾ ಅದರಾಗ? ಹೇಳರಿ, ಬರಕೋತೇನಿ."

"ಬರಕೊಳ್ಳೂದಲ್ಲ ಅದು, ಮರೀಬೇಕಾದ್ದು." ಚನ್ನಯ್ಯ ಬಾಗಿಲಲ್ಲೇ ನಿಂತ, ಒಳಗೆ ಕಾಲಿಡಲಿಲ್ಲ. "ನಮ್ಮ ಮಾಲಕರು ಹುಚ್ಚಪ್ಪನವರು, ಹತ್ತಿ ವ್ಯಾಪಾರದಾವ್ರು. ಎದರಿನ ಟಾಕೀಸಿಗೆ ಮಂದಿ ಹೊಂಟ್ರು ಅಂತ ಒಬ್ಬ ಮಂತ್ರವಾದಿನ್ನ ಕರಿಸಿದ್ರು. ಆ ಹೌಸ್‌ಫುಲ್ ಬೋರ್ಡಿನ ಬೆನ್ನಿಗೆ ತಾಮ್ರದ ತಗಡು ಹೊಡಸಿದ್ರು. ಬೋರ್ಡ್ ಹಾಕಿದ್ರ ಥೇಟರ್ ತುಂಬಬೇಕು, ಹಂಗ ಮಾಟ."

"ತುಂಬ್ತೇನು?"

"ತುಂಬ್ತು. ಮಂದಿ ಇರೂತನಕಾ ಮಂದಿ ಬಂದ್ರು. ಮಂದಿ ಕಮ್ಮಿ ಆದಮ್ಯಾಲೂ ಅದು ಬಿಡಲಿಲ್ಲ. ಖಾಲಿ ಖುರ್ಚಿ ಕಂಡ್ರ, ಬೋರ್ಡ್ ಹಾಕಿದಾವನ ಕಡಿಂದನ ತುಂಬಿಸ್ಕೊಳ್ಳಾಕತ್ತು. ಏನು, ಹೆಂಗ ಅಂತ ಕೇಳಬ್ಯಾಡ್ರಿ. ಮಾಲಕರ ಕಡೀ ದಿನ ನಾ ನೋಡೇನಿ." ಅವನು ಬಲಗೈ ಎತ್ತಿ ತೋರಿಸಿದ. ಅಂಗೈ ತುಂಬ ಹಳೆಯ ಸುಟ್ಟ ಕಲೆ. "ಸುಡಾಕ ಹೋದೆ. ಕೈ ಸುಟ್ತು, ಅದು ಸುಡಲಿಲ್ಲ. ಅಲ್ಲಿಂದ ಮುಂದ ನಾ ಪ್ರತಿ ಆಟಕ್ಕೂ ಒಳಗ ಹೋಗಿ ಆರನೂರಾ ಹನ್ನೆರಡೂ ಖುರ್ಚಿ ಎಣಿಸಿ ಬರತಿದ್ದೆ. ಒಂದ ಖಾಲಿ ಇದ್ರೂ ಬೋರ್ಡ್ ಹೊರಗ ತರತಿರಲಿಲ್ಲ. ಇಪ್ಪತ್ತು ವರ್ಷ ಆತು, ತಂದಿಲ್ಲ."

ಅಮರೇಶ ಎಲ್ಲವನ್ನೂ ಬರೆದುಕೊಂಡ. ಒಂದಕ್ಷರವನ್ನೂ ನಂಬಲಿಲ್ಲ. ಅದೇ ಬೋರ್ಡು ಬೇಕೆಂದು ಅವನು ಬಂದಿದ್ದ, ಅದೂ ಸಂಗ್ರಹಾಲಯಕ್ಕಲ್ಲ.

ಬೇಕಾಗಿದ್ದದ್ದು ಅವನ ಅಪ್ಪನಿಗೆ.

ಶಂಭುಲಿಂಗಪ್ಪ, ನೀರಾವರಿ ಕಚೇರಿಯಿಂದ ನಿವೃತ್ತರಾದ ಗುಮಾಸ್ತರು. ಎರಡು ವರ್ಷಗಳಿಂದ ಅವರ ನೆನಪು ಒಂದೊಂದಾಗಿ ಕಳಚುತ್ತಿತ್ತು. ಮೊದಲು ಓಣಿಯವರ ಹೆಸರು ಹೋಯಿತು, ಆಮೇಲೆ ಸೊಸೆ ಸೌಂದರ್ಯಾಳದು, ಕೊನೆಗೆ ಮಗನದು. ಕೆಲಗೇರಿಯ ಮನೆಯಲ್ಲಿ ದಿನಾ ಬೆಳಗ್ಗೆ ಅಮರೇಶ ಚಹಾ ತಂದುಕೊಟ್ಟರೆ ಅವರು ಮರ್ಯಾದೆಯಿಂದ ಎದ್ದು ಕೂತು ಕೇಳುತ್ತಿದ್ದರು: "ಭಾಳ ತ್ರಾಸ ತಗೊಂಡ್ರಿ ತಮ್ಮಾ. ನಿಮ್ಮ ಮನಿ ಎಲ್ಲೈತಿ? ನಿಮ್ಮವರು ಕಾಯ್ತಿರ್ತಾರ. ಬರ್ರಿ, ಬಸ್ಸಿಗೆ ಹತ್ತಸ್ತೇನಿ." ಅಯ್ಯೋ, ಬೈದರೂ ಸಹಿಸಬಹುದು, ಹೆತ್ತಪ್ಪನ ಈ ಮರ್ಯಾದೆ ಸಹಿಸುವುದು ಹೇಗೆ? ಅಮರೇಶ ಪ್ರತಿದಿನ ಬಸ್‌ಸ್ಟಾಪಿನ ತನಕ ಅವರ ಜೊತೆ ನಡೆದು, ಮತ್ತೆ ಅವರನ್ನೇ ಮನೆಗೆ ಕರೆತರುತ್ತಿದ್ದ. ಒಂದೇ ಒಂದು ಸಲ ಹೆಸರು ಹಿಡಿದು ಕರೆದರೆ ಸಾಕಿತ್ತು ಅವನಿಗೆ.

ಹಳೆಯದನ್ನು ತೋರಿಸಿ ಎಂದಿದ್ದರು ಡಾಕ್ಟರು. ಅಮರೇಶ ಆರು ವರ್ಷದವನಿದ್ದಾಗ ಅಪ್ಪ ಅವನನ್ನು ಇದೇ ಚಂದ್ರಮೌಳಿಗೆ ಕರೆತಂದಿದ್ದರು. ಟಿಕೀಟು ಸಿಗಲಿಲ್ಲ. ಅಳುತ್ತಿದ್ದವನನ್ನು ಹೆಗಲ ಮೇಲೆ ಕೂರಿಸಿಕೊಂಡು, "ಅಮರೇಶಾ, ಆ ಬೋರ್ಡ್ ಓದು ನೋಡೂಣು" ಎಂದಿದ್ದರು. ಅವನು ಅಕ್ಷರ ಕೂಡಿಸಿ ಓದಿದ್ದ. ಅವನು ಜೀವನದಲ್ಲಿ ಓದಿದ ಮೊದಲ ಶಬ್ದ ಅದು: ಹೌಸ್‌ಫುಲ್. ಟಿಕೀಟು ಸಿಗದಿದ್ದರೂ ಮಗ ಓದಿದನೆಂದು ಅಪ್ಪ ಖುಷಿಪಟ್ಟಿದ್ದನ್ನು ಆಮೇಲೆ ಮೂವತ್ತು ವರ್ಷ ಬಂಧುಬಳಗವೆಲ್ಲ ಕೇಳಿತ್ತು. ಈಗ ಆ ಬೋರ್ಡನ್ನು ಅದೇ ಗೇಟಿಗೆ ಹಾಕಿ, ಅಪ್ಪನನ್ನು ಅದರ ಮುಂದೆ ನಿಲ್ಲಿಸಬೇಕು. ಇಷ್ಟೇ.

ಮರುದಿನ ಶನಿವಾರ, ಮ್ಯಾಟಿನಿಯ ಹೊತ್ತು, ಎರಡೂವರೆ. ಹೊರಗೆ ಉರಿಬಿಸಿಲು. ಕೊನೆಯ ಸಲ ಮಷಿನ್ ಓಡಿಸಿ ತೋರಿಸಲು ಚನ್ನಯ್ಯ ಒಪ್ಪಿದ್ದ. ಅವನ ಹತ್ತಿರ ಉಳಿದದ್ದು ಹರಿದ ನಾಲ್ಕು ರೀಲು. ನೋಡಲು ಬಂದವರು ಶಂಭುಲಿಂಗಪ್ಪ ಒಬ್ಬರೇ. ಮುಂಜಾನೆ ಸೌಂದರ್ಯಾ ಅವರಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಕಳಿಸಿದ್ದಳು. ಪಕ್ಕದ ಮನೆಯ ದೇವಕ್ಕ ಕಟ್ಟೆಯ ಮೇಲೆ ಕೂತವಳು, "ಸಿನಿಮಾಕ್ಕ ಹೊಂಟೀರೇನ್ರಿ ಯಪ್ಪಾ, ನಂದೊಂದು ಟಿಕೀಟ ತಗಸ್ರಿ" ಎಂದು ಚೇಷ್ಟೆ ಮಾಡಿದ್ದಳು.

ಚನ್ನಯ್ಯ ಮೇಲೆ ಕ್ಯಾಬಿನ್ನಿಗೆ ಹತ್ತಿದ್ದೇ ತಡ, ಅಮರೇಶ ಕರಿದಾರ ಹರಿದ. ನಿಂಬೆಹಣ್ಣು ನೆಲದ ಮೇಲೆ ಬಿದ್ದು ಉರುಳಿತು. ಬೋರ್ಡಿನ ಬೆನ್ನಿಗೆ ಅಂಗೈಯಗಲದ ತಗಡು, ಅದರ ಮೇಲೆ ಉಗುರಿನಿಂದ ಗೀರಿದಂಥ ಸಣ್ಣ ಸಣ್ಣ ಚೌಕ, ಸಾಲು ಸಾಲು. ಮುಟ್ಟಿದರೆ ಬೆಚ್ಚಗಿತ್ತು. ಸೆಕೆಗೆ ಇರಬೇಕು ಎಂದುಕೊಂಡ. ಗೇಟಿನ ಕೊಕ್ಕೆಗೆ ಬೋರ್ಡು ಸಿಕ್ಕಿಸಿ, ಅಪ್ಪನ ಭುಜ ಹಿಡಿದು ಮುಂದೆ ನಿಲ್ಲಿಸಿದ.

"ಅಪ್ಪಾ, ಓದ್ರಿ."

ಅಪ್ಪ ಬಹಳ ಹೊತ್ತು ನೋಡಿದರು. "ತುಂಬೇತಂತ ತಮ್ಮಾ," ಎಂದರು. "ನಮಗ ಜಾಗಾ ಸಿಗೂದಿಲ್ಲ, ಹೋಗೂಣ ನಡ್ರಿ."

ಇಷ್ಟೇ. ಅಮರೇಶನಿಗೆ ಬೋರ್ಡು ತೆಗೆಯುವಷ್ಟೂ ತ್ರಾಣ ಉಳಿಯಲಿಲ್ಲ. ಹೇಗೂ ಬಂದದ್ದಾಗಿದೆ, ಎರಡು ರೀಲು ನೋಡಲಿ ಎಂದು ಅಪ್ಪನನ್ನು ಒಳಗೆ ಕರೆದೊಯ್ದು ನಡುವಿನ ಸಾಲಿನಲ್ಲಿ ಕೂರಿಸಿದ.

ಬಾಗಿಲು ಮುಚ್ಚಿತು. ನಟ್ಟನಡು ಮಧ್ಯಾಹ್ನದಲ್ಲಿ ಕತ್ತಲೆ ಬಾಯಿ ಮುಚ್ಚಿದಂತೆ ಬಂದು ಕವಿಯಿತು. ಹಸಿ ಗೋಡೆಯ ವಾಸನೆ, ಕೊಳೆತ ಹತ್ತಿಯ ವಾಸನೆ. ಮೇಲೆ ಮಷಿನ್ ಕಟಕಟ ಶುರುವಾಯಿತು. ಪರದೆಯ ಮೇಲೆ ಗೀರು ಬಿದ್ದ ಬೆಳಕು ಕುಣಿಯಿತು.

ಧಡ್.

ಹಿಂದೆ ಎಲ್ಲೋ ಮಡಚಿದ್ದ ಖುರ್ಚಿಯ ಹಲಗೆ ಕೆಳಗೆ ಬಿದ್ದ ಸದ್ದು, ಯಾರಾದರೂ ಕೂತಾಗ ಆಗುವಂಥದ್ದು. ಮತ್ತೊಂದು ಧಡ್. ಹಳೆ ಖುರ್ಚಿ, ತುಕ್ಕು ಹಿಡಿದಿದೆ ಎಂದುಕೊಂಡ. ಆಮೇಲೆ ವಾಸನೆ ಬಂತು. ನಶ್ಯದ ವಾಸನೆ. ಅವನು ತಿರುಗಿದ. ಎರಡು ಸಾಲು ಹಿಂದೆ, ಅವನ ಮೂರನೆಯ ಇಯತ್ತೆಯ ಮಾಸ್ತರರು ಕೂತಿದ್ದರು. ಸತ್ತು ಹದಿನೈದು ವರ್ಷವಾದವರು. ಅವರ ಕಣ್ಣು ಪರದೆಯ ಮೇಲಿತ್ತು. ಅಮರೇಶ ಕೂಗಬೇಕೆಂದು ಬಾಯಿ ತೆರೆದ. ಹೆಸರು ನಾಲಗೆಯ ತುದಿಗೆ ಬಂದು ಜಾರಿಹೋಯಿತು. ಯಾರೋ ಒಬ್ಬ ಮುದುಕ ಕೂತಿದ್ದ. ಯಾರಿವನು? ಎಂದೂ ನೋಡಿದವನಲ್ಲ.

ಧಡ್. ಧಡ್. ಧಡ್.

ಸಾಲು ತುಂಬುತ್ತಿತ್ತು. ಕಾಲೇಜಿನ ಗೆಳೆಯರು, ಕಿರಾಣಿ ಅಂಗಡಿಯವನು, ಸೋದರತ್ತೆ. ದೇವಕ್ಕ! ಬೆಳಗ್ಗೆಯಷ್ಟೇ ಕಟ್ಟೆಯ ಮೇಲಿದ್ದವಳು, ಅದೇ ಹಸಿರು ಸೀರೆಯಲ್ಲಿ ಕೂತಿದ್ದಳು. ನೋಡುತ್ತಿದ್ದಂತೆ ಅವಳೂ ಯಾರೋ ಆದಳು. ಗುರುತು ಹಿಡಿದ ಮುಖ ಮರುಕ್ಷಣ ಗುರುತು ಸಿಗದ ಮುಖವಾಗುತ್ತಿತ್ತು.

ಅವನು ಕ್ಯಾಬಿನ್ನಿಗೆ ಓಡಿದ. ಚನ್ನಯ್ಯ ಕಿಂಡಿಯಿಂದ ಕೆಳಗೆ ನೋಡಿ ಗೋಡೆ ಹಿಡಿದುಕೊಂಡಿದ್ದ.

"ಹಾಕಿದ್ರೇನ್ರಿ? ಇಷ್ಟು ಹೇಳಿದ್ರೂ ಹಾಕಿದ್ರಿ!"

"ಇವರೆಲ್ಲ ಯಾರು ಕಾಕಾ?"

"ನಿಮ್ಮ ಮಂದಿನ. ನಿಮ್ಮ ತಲ್ಯಾಗಿದ್ದವ್ರು. ಬಂದು ಕುಂತ್ರ ಮುಗೀತು, ತಿರುಗಿ ನಿಮ್ಮ ತಲಿಗೆ ಬರೂದಿಲ್ಲ, ಒಳಗ ಕುಂತು ನೋಡಾವರ ಪಾಲಾಗತಾರ. ನಮ್ಮ ಮಾಲಕರು ಕಡೀಕ ಗೇಟಿನ ಮುಂದ ಕುಂತು, ನಾ ಯಾರ ಪೈಕಿ, ನಾ ಯಾರ ಪೈಕಿ ಅಂತ ಹಾದಿಗೆ ಹೋಗೂರನ್ನ ಕೇಳತಿದ್ರು." ಚನ್ನಯ್ಯ ಅವನ ತೋಳು ಹಿಡಿದು ಅಲುಗಾಡಿಸಿದ. "ಹಾಕಿದ ಕೈನ ತಗೀಬೇಕು, ನಾ ತಗದ್ರ ಬರೂದಿಲ್ಲ. ಓಡ್ರಿ! ಎಲ್ಲೂ ನಿಂದರಬ್ಯಾಡ್ರಿ. ಯಾಕ ಹೊಂಟೇನಿ ಅನ್ನೂದ ಮರೀತೀರಿ, ಕೈ ಮ್ಯಾಲೆ ಬರಕೋರಿ!"

ಅಮರೇಶ ಪೆನ್ನು ತೆಗೆದು ಅಂಗೈ ಮೇಲೆ ಬರೆದ: ಗೇಟಿನ ಬೋರ್ಡ್ ತೆಗಿ. ಮೆಟ್ಟಿಲು ಇಳಿದ. ಧಡ್ ಧಡ್ ಧಡ್. ಗೋಡೆಯಾಚೆ ಖುರ್ಚಿಗಳು ಬೀಳುತ್ತಲೇ ಇದ್ದವು. ಅವ್ವ ಹೋದಳು. ಅವಳ ಅಡುಗೆಮನೆಯ ಒಗ್ಗರಣೆ ವಾಸನೆ ಒಮ್ಮೆ ಮೂಗಿಗೆ ಬಡಿದು ಹೋಯಿತು. ಹೋದದ್ದು ಯಾರೆಂದೇ ತಿಳಿಯಲಿಲ್ಲ. ಎದೆಯಲ್ಲಿ ಖಾಲಿ. ಕಾಲು ನಿಂತಿತು. ಯಾಕೆ ಓಡುತ್ತಿದ್ದೇನೆ? ಅಂಗೈ ನೋಡಿದ. ಗೇಟು. ಬೋರ್ಡು. ಓಡಿದ. ಕತ್ತಲೆ. ಓಣಿಯಂಥ ದಾರಿ. ಕೊನೆಯಲ್ಲಿ ಬಾಗಿಲು, ಬಾಗಿಲ ಸಂದಿಯಲ್ಲಿ ಬಿಸಿಲು. ಹತ್ತು ಹೆಜ್ಜೆ. ಆರು ಹೆಜ್ಜೆ.

"ಅಮರೇಶಾ!"

ಒಳಗಿನಿಂದ ಅಪ್ಪ ಕೂಗಿದರು. ಸ್ಪಷ್ಟ ದನಿ, ಗಟ್ಟಿ ದನಿ, ಕಚೇರಿಗೆ ಹೋಗುತ್ತಿದ್ದ ಕಾಲದ ದನಿ. ಎಷ್ಟು ಖುಷಿ ಇತ್ತು ಅದರಲ್ಲಿ!

ಅವನು ನಿಂತ.

ನಿಲ್ಲಬಾರದಿತ್ತು. ಗೊತ್ತಿತ್ತು, ಅಂಗೈ ಮೇಲೆ ಬರೆದಿತ್ತು. ಆದರೆ ಎರಡು ವರ್ಷ! ಎರಡು ವರ್ಷ ಕಾದ ಹೆಸರು! ಇನ್ನೊಂದು ಸಲ ಕರೆಯಲಿ ಎಂದು ನಿಂತ.

"ಅಮರೇಶಾ, ಎಲ್ಲಾರೂ ಬಂದಾರ ಬಾರೋ! ನಿಮ್ಮ ಮಾಸ್ತರು, ದೇವಕ್ಕ, ನಿಮ್ಮವ್ವನೂ ಬಂದಾಳ!"

ಅಳು ಉಕ್ಕಿ ಬಂತು. ಮೂರನೆಯ ಸಲ ಕೇಳಲು ಬಾಗಿಲಿಗೆ ಕಿವಿಯಿಟ್ಟ.

"ಅಮರೇಶಾ!"

ಧಡ್.

ಕೆನ್ನೆ ಒದ್ದೆಯಾಗಿತ್ತು. ಯಾಕೆಂದು ತಿಳಿಯಲಿಲ್ಲ. ಒಳಗೆ ಯಾವನೋ ಮುದುಕ ಯಾರನ್ನೋ ಕೂಗುತ್ತಿದ್ದ. ಅಂಗೈ ಮೇಲೆ ಏನೋ ಬರೆದಿತ್ತು. ಹೊರಗೆ ಹೋದ. ಬಿಸಿಲು ಕಣ್ಣಿಗೆ ಹೊಡೆಯಿತು. ಬೋರ್ಡಿನ ಬೆನ್ನು ಕೆಂಡದಂತೆ ಸುಡುತ್ತಿತ್ತು. ಚರ್ಮ ಅಂಟಿಕೊಂಡಿತು. ಆದರೂ ಕಿತ್ತು ನೆಲಕ್ಕೆ ಹಾಕಿದ.

ಒಳಗೆ ಎಲ್ಲ ಸದ್ದೂ ನಿಂತಿತು.

ಚನ್ನಯ್ಯ ಶಂಭುಲಿಂಗಪ್ಪನವರನ್ನು ಕರೆದುಕೊಂಡು ಬಂದ. ಅಲ್ಲ, ಅವರೇ ಅವನ ಮುಂದೆ ಬಿರಬಿರನೆ ನಡೆದು ಬಂದರು. ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಗೇಟಿನ ಹತ್ತಿರ ಬಂದು ಮಗನ ಹೆಗಲ ಮೇಲೆ ಕೈಯಿಟ್ಟರು.

"ಅಮರೇಶಾ, ಕೈ ಯಾಕ ಸುಟಗೊಂಡಿಯೋ? ಸೌಂದರ್ಯಾ ಬೈತಾಳ ನೋಡು. ಹಸದಿ ಏನು? ಮುಖಾ ಎಷ್ಟು ಸಣ್ಣಾಗೇತಿ. ಅಮರೇಶಾ, ಈ ಬೋರ್ಡ್ ನೀ ಓದಿದ್ದು ನೆನಪೈತೇನು? ನನ್ನ ಹೆಗಲ ಮ್ಯಾಲೆ ಕುಂತು?"

ಅವನ ಕಿಸೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ತೆಗೆದು ನೋಡಿದ. ನಗುತ್ತಿರುವ ಒಬ್ಬ ಹೆಣ್ಣುಮಗಳ ಫೋಟೋ, ಕೆಳಗೆ ಸೌಂದರ್ಯಾ ಎಂದಿತ್ತು. ಬೇರೆ ಯಾರದೋ ಫೋನು ತನ್ನ ಕಿಸೆಗೆ ಬಂದಿದೆ ಎಂದು ಅದನ್ನು ಚನ್ನಯ್ಯನ ಕೈಗೆ ಕೊಟ್ಟ. ಚನ್ನಯ್ಯ ಅದನ್ನು ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅಮರೇಶ ತನ್ನ ಹೆಗಲ ಮೇಲಿದ್ದ ಮುದುಕನ ಕೈಯನ್ನು ಮೆಲ್ಲಗೆ, ಮರ್ಯಾದೆಯಿಂದ ಕೆಳಗಿಳಿಸಿದ. ಪಾಪ, ಬಿಸಿಲಿಗೆ ತಲೆ ಕೆಟ್ಟಿರಬೇಕು, ಯಾರನ್ನೋ ಹುಡುಕುತ್ತಿದ್ದಾರೆ.

"ಅಜ್ಜಾರ," ಎಂದ, "ನಿಮ್ಮ ಮನಿ ಎಲ್ಲೈತಿ? ನಿಮ್ಮವರು ಕಾಯ್ತಿರ್ತಾರ. ಬರ್ರಿ, ಬಸ್ಸಿಗೆ ಹತ್ತಸ್ತೇನಿ."