ನದಿ ಬೆಟ್ಟ ಹತ್ತಿದ ನಕ್ಷೆ

ಬಹಳ ಹಿಂದೆ ಹೊಂಬೆಟ್ಟವೆಂಬ ರಾಜ್ಯದಲ್ಲಿ ಒಂದು ಮಾಯೆಯ ಲೇಖನಿ ಇತ್ತು. ಪಟ್ಟವೇರುವ ರಾಜಕುಮಾರ ಅದರಿಂದ ನಾಡಿನ ನಕ್ಷೆ ಬರೆಯಬೇಕು. ಬರೆದದ್ದು ಕೂಡಲೇ ನಿಜವಾಗುತ್ತಿತ್ತು. ಹಸಿ ಮಸಿಯನ್ನು ಅಳಿಸಬಹುದು. ಒಣಗಿತೋ, ಮುಗಿಯಿತು.

ರಾಜಕುಮಾರ ಉದಯಾದಿತ್ಯನಿಗೆ ನಕ್ಷೆ ಕಲಿಸುವವಳು ಚಂದಲೆ. ಅವಳಿಗೆ ವಿದ್ಯೆ ಬಹಳ, ತಾಳ್ಮೆ ಕಡಿಮೆ.

ಮೊದಲ ನಕ್ಷೆಯಲ್ಲಿ ಕುಮಾರ ನದಿಯನ್ನು ಬೆಟ್ಟದ ಮೇಲಕ್ಕೆ ಹರಿಸಿದ. ಹೊರಗೆ ನದಿ ಬೆಟ್ಟ ಹತ್ತಿತು. ಅಂಬಿಗರು ದೋಣಿಸಮೇತ ಶಿಖರದಲ್ಲಿ ಕೂತು ಬೊಬ್ಬೆ ಹೊಡೆದರು.

"ನೀರು ಎಲ್ಲಾದರೂ ಬೆಟ್ಟ ಹತ್ತುತ್ತದೆಯೇ? ನಿನಗೆ ಕಣ್ಣಿಲ್ಲವೇ?" ಎಂದು ಚಂದಲೆ ಕಿರುಚಿದಳು.

ಕುಮಾರ ಅಳಿಸಿದ, ಮುಖ ಊದಿಸಿಕೊಂಡ. ಆಗ ಮಧುಜಿಹ್ವನೆಂಬ ಮಾಂತ್ರಿಕ ಬಂದು, "ಅದ್ಭುತವಾಗಿತ್ತು ಪ್ರಭು! ಆಕೆಗೆ ಹೊಟ್ಟೆಕಿಚ್ಚು" ಎಂದ.

ಎರಡನೆಯ ನಕ್ಷೆಯಲ್ಲಿ, ಅಂದಕ್ಕಿರಲಿ ಎಂದು ಕುಮಾರ ಸಂತೆಬೀದಿಯಲ್ಲಿ ಬೆಂಕಿಯುಗುಳುವ ಸರ್ಪವನ್ನು ಬರೆದ. ಸರ್ಪ ಸಂತೆಯಲ್ಲಿ ಪ್ರತ್ಯಕ್ಷವಾಗಿ ಬದನೆಕಾಯಿಯನ್ನೆಲ್ಲ ಸುಟ್ಟಿತು.

"ಅಯ್ಯೋ ನನ್ನ ಕರ್ಮವೇ!" ಚಂದಲೆ ಹಣೆ ಚಚ್ಚಿಕೊಂಡಳು. "ಅಳಿಸು ಮೊದಲು!"

ಅಳಿಸಿದ. ಆದರೆ ಮೂರನೆಯ ನಕ್ಷೆಗೆ ಅವಳನ್ನು ಒಳಗೇ ಬಿಡಲಿಲ್ಲ. ಮಧುಜಿಹ್ವ ಮಾತ್ರ ಪಕ್ಕದಲ್ಲಿ ಕೂತು, "ನಡುವೆ ನನಗೊಂದು ಕೋಟೆ ಇರಲಿ ಪ್ರಭು. ನದಿಗಳೆಲ್ಲ ಅದರೊಳಗೇ ಸೇರಲಿ, ನೋಡಲು ಚೆಂದ" ಎಂದ. ಕುಮಾರ ಹಾಗೇ ಬರೆದು, ಕೋಟೆಯ ಬಾಗಿಲಲ್ಲಿ ಒಡೆಯನಾಗಿ ಮಧುಜಿಹ್ವನನ್ನೂ ಬರೆದ. ಊರಿನ ಬಾವಿಗಳು ಬರಿದಾದವು, ಹಟ್ಟಿಗಳಲ್ಲಿ ದನಗಳು ಒರಲಿದವು.

ಚಂದಲೆ ಬಾಗಿಲು ದೂಡಿಕೊಂಡು ಬಂದಳು. ನಕ್ಷೆ ಕಂಡು ಬೈಗುಳ ನಾಲಿಗೆಯ ತುದಿಗೇ ಬಂತು. ಮಸಿ ಅಂಚಿನಲ್ಲಿ ಆಗಲೇ ಒಣಗುತ್ತಿತ್ತು. ಬೈದರೆ ಹುಡುಗ ಮತ್ತೆ ಮಾಂತ್ರಿಕನ ಕಡೆಗೇ ತಿರುಗುತ್ತಾನೆ. ಅವಳು ಸಿಟ್ಟನ್ನು ಕಷಾಯದಂತೆ ನುಂಗಿದಳು.

"ಈ ಕಾಡು ಬಹಳ ಚೆನ್ನಾಗಿದೆ, ಕುಮಾರ. ಒಂದು ಮರದಂತೆ ಇನ್ನೊಂದಿಲ್ಲ. ನನ್ನ ಕೈಯಲ್ಲೂ ಹೀಗೆ ಬರುವುದಿಲ್ಲ."

ಅದು ನಿಜವೇ ಆಗಿತ್ತು. ಕುಮಾರ ಬೆರಗಾಗಿ ತಲೆಯೆತ್ತಿದ.

"ಒಂದು ಮಾತು ಕೇಳಲೇ? ಈ ಮೂಲೆಯ ಹಳ್ಳಿಯಲ್ಲಿ ಒಬ್ಬಳು ಬಾಣಂತಿ ಇದ್ದಾಳೆ ಅಂದುಕೋ. ಮಗುವಿಗೆ ನೀರು ಕಾಯಿಸಬೇಕು. ಅವಳ ಮನೆಯವರು ನೀರು ಎಲ್ಲಿಂದ ತರಬೇಕು? ಬೆರಳಿಟ್ಟು ತೋರಿಸು."

ಕುಮಾರ ಬೆರಳಿಟ್ಟು ಹೊರಟ. ಹಳ್ಳ ಕೋಟೆಗೆ ಹೋಯಿತು. ತೊರೆ ಕೋಟೆಗೆ ಹೋಯಿತು. ಹೊಳೆಯೂ ಕೋಟೆಗೇ ಹೋಯಿತು. ಬೆರಳು ನಿಂತಿತು.

"ಎಲ್ಲಿಯೂ ಇಲ್ಲವಲ್ಲ, ತಾಯಿ!"

"ಚಿತ್ರದ ಚೆಂದಕ್ಕೆ ಬಾಣಂತಿಯ ಮಾತೇಕೆ, ಪ್ರಭು?" ಮಧುಜಿಹ್ವ ತಡವರಿಸಿದ.

"ಅವಳು ನನ್ನ ಪ್ರಜೆ!" ಎಂದ ಕುಮಾರ. ಅಳಿಸಲು ನೀರಿಗಾಗಿ ಹುಡುಕಿದ. ಅರಮನೆಯಲ್ಲಿಯೂ ಹನಿ ಇರಲಿಲ್ಲ. ತಾನು ರಾಜಕುಮಾರ ಎಂಬುದನ್ನೂ ಮರೆತು ಉತ್ತರೀಯಕ್ಕೆ ಉಗುಳಿ ಗಸಗಸ ಉಜ್ಜಿದ. ಕೋಟೆ ಅಳಿಯಿತು. ಅದರೊಂದಿಗೆ ಮಾಂತ್ರಿಕನೂ ಕಾಲಿನಿಂದ ಕರಗುತ್ತ ಬಂದ. ಕೊನೆಗೆ ಹೊಗಳುವ ಬಾಯಿಯೂ ಮಾಯವಾಯಿತು. ನದಿಗಳು ಊರೂರಿಗೆ ಮರಳಿದವು.

ಕುಮಾರ ಲೇಖನಿಯನ್ನು ಮತ್ತೆ ಅದ್ದಿ, "ಬಾಣಂತಿಯ ಮನೆ ಯಾವ ಕಡೆ ಇರಲಿ, ತಾಯಿ?" ಎಂದು ಕೇಳಿದ. ಚಂದಲೆ ಪಕ್ಕದಲ್ಲಿ ಚಾಪೆ ಎಳೆದುಕೊಂಡು ಕೂತಳು. ಅವನು ಪಟ್ಟವೇರಿದ, ಹೊಂಬೆಟ್ಟದ ಜನ ಹೊಟ್ಟೆ ತುಂಬ ಉಂಡು, ಬೇಕಾದಷ್ಟು ನೀರು ಕುಡಿದು, ನೆಮ್ಮದಿಯಿಂದ ಬಾಳಿದರು.