ಮೊಣಕಾಲು ಕೇಳುವ ಬಾಗಿಲು

ಬೀಗದಣ್ಣನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಯಜಮಾನರ ಕೋಣೆಯ ಗಾಜಿನಾಚೆ ಎರಡು ಟೀ ಲೋಟ ಕಂಡ ದಿನ. ಒಂದು ಯಜಮಾನರದು, ಇನ್ನೊಂದು ಬೀಗದಣ್ಣನ ಭಾವಮೈದುನನದು. ಇಪ್ಪತ್ತೆರಡು ವರ್ಷದಿಂದ ಆ ವರ್ಕ್‌ಶಾಪಿನಲ್ಲಿ ಕಾರಿನ ಬಾಗಿಲು, ಬೀಗ, ಕಿಟಕಿ ಗಾಜು ಅಂತ ಕೈ ಸವೆಸಿದ್ದರೂ ಆ ಕೋಣೆಯಲ್ಲಿ ತನಗೆ ಯಾರೂ ಕೂತ್ಕೋ ಅಂದಿರಲಿಲ್ಲ. ಮುಂದಿನ ತಿಂಗಳು ಫೋರ್‌ಮನ್ ನಿವೃತ್ತನಾಗುತ್ತಾನೆ. ಆ ಕುರ್ಚಿ ತನ್ನದೇ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೂ ಆಗಿತ್ತು. ಈಗ ನೋಡಿದರೆ, ಸ್ಪ್ಯಾನರ್ ಹಿಡಿಯುವುದನ್ನು ತಾನೇ ಕಲಿಸಿದ ಅವಳ ತಮ್ಮ ಒಳಗೆ ಕೂತು ಟೀ ಹೀರುತ್ತಿದ್ದಾನೆ! ಇಬ್ಬರೂ ಒಮ್ಮೆ ಅವನತ್ತ ತಿರುಗಿ ನೋಡಿದರು. ಮೈದುನ ನಕ್ಕ.

ಅವತ್ತಿನಿಂದ ಮೈದುನ ಕೂತರೂ ಅನುಮಾನ, ನಿಂತರೂ ಅನುಮಾನ. ಊಟದ ಡಬ್ಬಿಯಲ್ಲಿ ಪಾಲು ಕೊಟ್ಟರೆ ಬೆಣ್ಣೆ ಹಚ್ಚುತ್ತಿದ್ದಾನೆ, ಕೊಡದಿದ್ದರೆ ಆಗಲೇ ಸೊಕ್ಕು ಬಂದಿದೆ. "ಭಾವ, ನನ್ ಕಾರಿನ ಬೀಗ ಒಂಚೂರು ನೋಡ್ತೀರಾ?" ಎಂದು ಕೇಳಿದ್ದರಲ್ಲೂ ಅವನಿಗೆ ಹುನ್ನಾರವೇ ಕಂಡಿತು. ನಾಳೆ ಫೋರ್‌ಮನ್ ಆಗುವವನು ಇವತ್ತೇ ಕೆಲಸ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದಾನೆ.

ಅದೊಂದು ಮುದಿ ಕಾರು, ಕೀಲಿ ತೂರಿಸಿ ತಿರುಗಿಸುವ ಕಾಲದ್ದು. ಮೂರು ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿದ್ದವು. ಡ್ರೈವರ್ ಕಡೆಯ ಬಾಗಿಲಿನ ಬೀಗ ಕಚ್ಚಿಕೊಳ್ಳುತ್ತಿತ್ತು. ಬೀಗ ತೆಗೆಯಲೂ ಹಾಕಲೂ ಕೀಲಿಯನ್ನು ಅರ್ಧ ತಿರುಗಿಸಿ, ಹಿಡಿಯನ್ನು ಮೇಲೆತ್ತಿ, ಸರಿಯಾದ ಜಾಗಕ್ಕೆ ಮೊಣಕಾಲಿನಿಂದ ಧಡ್ ಅಂತ ಗುದ್ದಬೇಕು. ದಿನಾ ಸಂಜೆ ಈ ಕುಣಿತ ನೋಡಿ ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು. ಬೀಗದಣ್ಣನಿಗೆ ಅದು ಐದು ನಿಮಿಷದ ಕೆಲಸ. ಬೀಗಕ್ಕೆ ಎಣ್ಣೆ ಬಿಡುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು; ಪೆನ್ಸಿಲ್ ಸೀಸದ ಪುಡಿ ಊದಬೇಕು ಕಣ್ರೋ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದ. ಮೈದುನನಿಗೆ ಮಾತ್ರ, "ಬಿಡು, ಹಳೇ ಗಾಡಿ, ಹಂಗೇ ಇರತ್ತೆ" ಎಂದು ಬೆನ್ನು ತಿರುಗಿಸಿದ.

ಉಪಾಯ ಹೊಳೆದದ್ದು ವಾಚ್‌ಮನ್‌ನ ತಮಾಷೆಯಿಂದ. ಆ ಬೀಗ ಮೈದುನನೊಬ್ಬನ ಮೊಣಕಾಲಿನ ಮಾತೇ ಕೇಳೋದು ಎಂದು ಅವನು ಅಂದಾಗ ಎಲ್ಲರ ಜೊತೆ ಬೀಗದಣ್ಣನೂ ನಕ್ಕ. ಆಮೇಲೆ ನಗು ನಿಲ್ಲಿಸಿ ಯೋಚಿಸಿದ. ಆ ಕಾರನ್ನು ಇನ್ನೊಬ್ಬರು ತೆರೆಯಲಾರರು ಎಂದು ಇಡೀ ಶೆಡ್ಡೇ ಸಾಕ್ಷಿ ಹೇಳುತ್ತದೆ. ಅಂದಮೇಲೆ ಅದರೊಳಗೆ ಸಿಕ್ಕ ಕಳ್ಳಮಾಲು ಇನ್ನೊಬ್ಬರದಾಗುವುದು ಹೇಗೆ?

ಮಾಲು ಯಾವುದೆಂದೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಎಂಜಿನ್ನಿನ ದೋಷ ಹುಡುಕುವ ಸ್ಕ್ಯಾನರ್ ಇಡೀ ವರ್ಕ್‌ಶಾಪಿಗೆ ಒಂದೇ ಇತ್ತು, ಯಜಮಾನರ ಪಂಚಪ್ರಾಣ. ಅದು ಕಾಣದಿದ್ದರೆ ಗೇಟು ಹಾಕಿಸಿ ಎಲ್ಲರ ಚೀಲ, ಗಾಡಿ ಜಾಲಾಡಿಸುತ್ತಾರೆ. ಕೀಲಿಗೂ ಬರವಿಲ್ಲ. ಅವನ ಡ್ರಾಯರಿನ ತುಂಬ ಸವೆದ ಹಳೇ ಕೀಲಿಗಳು. ಅಂಥ ಮುದಿ ಬೀಗಕ್ಕೆ ಅವುಗಳಲ್ಲಿ ಯಾವುದಾದರೊಂದು ಕೂರುತ್ತದೆ. ಮೊಣಕಾಲಿನ ಗುದ್ದು ಊಟದ ಕೋಣೆಯವರೆಗೂ ಕೇಳಿಸುತ್ತದೆಂಬುದೊಂದೇ ತೊಡಕು. ಅದಕ್ಕೂ ಅವನ ಹತ್ತಿರ ಮದ್ದಿತ್ತು. ಹೆಂಡತಿಯ ಮುಖ ಒಂದೆರಡು ಸಲ ಕಣ್ಣ ಮುಂದೆ ಬಂದು ಸಂಕಟವಾಯಿತು. ಅಕ್ಕನ ಗಂಡನ ಅನ್ನಕ್ಕೆ ಕೈ ಹಾಕುವಾಗ ಇವನಿಗೆ ಅಕ್ಕ ನೆನಪಾಗಿದ್ದಳೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡ.

ಗುರುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಸ್ಕ್ಯಾನರನ್ನು ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡು ಹಿತ್ತಲ ಗೋಡೆಯ ಪಕ್ಕ ನಿಂತಿದ್ದ ಮೈದುನನ ಕಾರಿನ ಹತ್ತಿರ ಹೋದ. ನಾಲ್ಕನೇ ಕೀಲಿ ಒಳಗೆ ಕೂತಿತು, ಆದರೆ ತಿರುಗಲಿಲ್ಲ. ಜೇಬಿನ ಡಬ್ಬಿ ತೆಗೆದು ಬೀಗದೊಳಕ್ಕೆ ಎರಡು ಸಲ ಸೀಸದ ಪುಡಿ ಊದಿದ. ಕೀಲಿಯನ್ನು ಆಚೆ ಈಚೆ ಹತ್ತು ಸಲ ಆಡಿಸಿದ. ಬಾಗಿಲು ತುಟಿ ಪಿಟಕ್ಕೆನ್ನದೆ ತೆರೆಯಿತು. ಸ್ಕ್ಯಾನರ್ ಸೀಟಿನಡಿ ಸೇರಿತು. ಹಿಡಿಯನ್ನೂ ಗಾಜನ್ನೂ ಬೆರಳಿನ ಗುರುತು ಉಳಿಯದಂತೆ ಒರೆಸಿ, ಬೀಗ ಹಾಕಿ, ಕೈ ತೊಳೆದುಕೊಂಡು ಬಂದು ಕೂತಾಗ ಅವನ ಅನ್ನ ಇನ್ನೂ ಆರಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು.

ನಾಲ್ಕು ಗಂಟೆಗೆ ಸ್ಕ್ಯಾನರ್ ಕಾಣುತ್ತಿಲ್ಲವೆಂದು ಗಲಾಟೆ ಎದ್ದಿತು. ಗೇಟು ಮುಚ್ಚಿತು. ತನ್ನ ಚೀಲವನ್ನೇ ಮೊದಲು ನೋಡಿ ಎಂದು ಬೀಗದಣ್ಣ ದೊಡ್ಡ ಮನಸ್ಸು ಮಾಡಿದ. ಒಂದೊಂದೇ ಚೀಲ, ಒಂದೊಂದೇ ಗಾಡಿ ಮುಗಿಯಿತು. ಯಜಮಾನರ ಮುಖ ಕಪ್ಪಿಟ್ಟಿತ್ತು. ಕಳ್ಳ ಯಾರೇ ಆಗಲಿ ಪೊಲೀಸರಿಗೇ ಒಪ್ಪಿಸುತ್ತೇನೆಂದು ಅವರು ಎರಡು ಸಲ ಹೇಳಿದರು.

ಕೊನೆಗೆ ಉಳಿದದ್ದು ಮುದಿ ಕಾರು. ಮೈದುನ ಕೀಲಿ ತೂರಿಸಿ, ಹಿಡಿ ಎತ್ತಿ, ರೂಢಿಯಂತೆ ಮೊಣಕಾಲು ಮೇಲೆ ಮಾಡಿದ. ಮೊಣಕಾಲು ತಾಗುವ ಮೊದಲೇ ಬಾಗಿಲು ತೆರೆದುಕೊಂಡಿತು. ಅವನು ಒಂಟಿ ಕಾಲಲ್ಲಿ ತಬ್ಬಿಬ್ಬಾಗಿ ನಿಂತ. ವಾಚ್‌ಮನ್ ಬಗ್ಗಿ ಸೀಟಿನಡಿ ಕೈ ಹಾಕಿದ. ಮೈದುನ ಕೀಲಿ ಹೊರಗೆಳೆದು, ಬೆರಳಿಗೆ ಹತ್ತಿದ ಕಪ್ಪು ಪುಡಿಯನ್ನು ಉಜ್ಜಿ ನೋಡಿದ. ಅವನ ಮುಖ ಅರಳಿತು. "ಬೆಳಗ್ಗೆ ಕೂಡ ಗುದ್ದೇ ಬೀಗ ಹಾಕಿದ್ದೆ. ಆಗಲ್ಲ ಅಂತ ಹೇಳಿ, ನಂಗೆ ಗೊತ್ತಾಗದ ಹಾಗೆ ಸರಿ ಮಾಡಿಟ್ಟಿದೀರಲ್ಲ ಭಾವ!" ಎಂದವನು ಯಜಮಾನರ ಕಡೆ ಹೆಮ್ಮೆಯಿಂದ ತಿರುಗಿದ. "ಅವತ್ತು ಟೀ ಕುಡೀವಾಗ ಹೇಳಿದ್ನಲ್ಲ ಸಾರ್, ಫೋರ್‌ಮನ್ ಮಾಡಿದ್ರೆ ಇವರನ್ನೇ ಮಾಡಿ, ಈ ಕೈ ಇನ್ಯಾರಿಗೂ ಬರಲ್ಲ ಅಂತ." ವಾಚ್‌ಮನ್ ಸ್ಕ್ಯಾನರ್ ಹಿಡಿದು ನೆಟ್ಟಗಾಗಿದ್ದ. ಆದರೆ ಅವನಾಗಲಿ ಯಜಮಾನರಾಗಲಿ ಮೈದುನನ ಕಡೆ ನೋಡುತ್ತಿರಲಿಲ್ಲ.